ಹೆಸರು ನೋಡಿ ಫೋನ್ ಎತ್ತೋ ಕಾಲ

ನಮ್ಮ ಅತ್ತೆ ಮನೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಇದೆ. ರಿಂಗಾದರೆ ಸಾಕು, ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದು "ಹಲೋ, ಯಾರು ಮಾತಾಡೋದು?" ಅಂತಾರೆ. ರಾಂಗ್ ನಂಬರ್ ಆದರೂ "ಯಾವ ಊರು ನಿಮ್ದು?" ಅಂತ ಕೇಳದೆ ಇಡುವುದಿಲ್ಲ.

ನಾನೋ, ಹೆಸರು ಬರದಿದ್ದರೆ ಫೋನ್ ಮುಟ್ಟುವುದೇ ಇಲ್ಲ. 140ರಿಂದ ಶುರುವಾದರೆ ಟೆಲಿಮಾರ್ಕೆಟಿಂಗ್, ಅದು ಬಿಡಿ. ಆದರೆ ಕರೆ ಯಾರದು ಅಂತ ಹೇಳೋ ಆಪ್ ತೋರಿಸುವ ಹೆಸರು ಎಷ್ಟೋ ಸಲ ಯಾರೋ ತಮ್ಮ ಫೋನಲ್ಲಿ ಸೇವ್ ಮಾಡಿಕೊಂಡದ್ದು, ಅಷ್ಟೇ ಅಲ್ವಾ? ಮೊನ್ನೆ "ಗ್ಯಾಸ್ ರಾಜು ಹೊಸದು" ಅಂತ ಬಂತು. ಎತ್ತಿದರೆ ನಮ್ಮ ಚಿಕ್ಕಪ್ಪ! ಹೊಸ ಸಿಮ್ಮಂತೆ. ಯಾರೋ ಬಿಟ್ಟ ನಂಬರ್ ಇವರಿಗೆ ಬಂದಿದೆ.

ಮೋಸದ ಕರೆ ಜಾಸ್ತಿ, ಸುಮ್ನೆ ಎತ್ತಬೇಡಿ ಅಂತ ಅತ್ತೆಗೆ ಹೇಳಿದೆ. "ದುಡ್ಡು ಕೇಳಿದ್ರೆ ಇಟ್ಬಿಡ್ತೀನಿ ಕಣೇ, ಎತ್ತೋಕೇನು ಭಯ?" ಅಂದರು.