ಐದು ಟಿಚ್ ಬಟನ್

18 ಜೂನ್ 2024, ಮಂಗಳವಾರ
ಶಿವಮೊಗ್ಗ

ಬೆಳಿಗ್ಗೆಯಿಂದ ಬಿಡದ ಮಳೆ. ಪುಟ್ಟಿಗೆ ಹೊಸ ಹಳದಿ ರೇನ್‌ಕೋಟ್ ತಂದಿದ್ದೇವೆ, ಮುಂದೆ ಐದು ಟಿಚ್ ಬಟನ್. ಹಾಕಲು ಹೋದರೆ ಕೈ ತಳ್ಳಿದಳು. "ನಾನೇ!" ಎರಡು ವರ್ಷ ಎಂಟು ತಿಂಗಳಿನ ಈ ಜೀವಕ್ಕೆ ಈಗ ಎಲ್ಲವೂ "ನಾನೇ".

ಮೊದಲ ಬಟನ್ ಹಾಕುವಷ್ಟರಲ್ಲೇ ಸುಮಾರು ಹೊತ್ತಾಯಿತು. ಎರಡನೆಯದು ಮೂರನೆಯದರ ಮೇಲೆ ಕೂತಿತು. ಅತ್ತೆ ಛತ್ರಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ನೀನೇ ಹಾಕಿಬಿಡೇ, ಬಸ್ಸು ಹೋಗತ್ತೆ" ಅಂದರು. ಅವಳು ಬೀದಿಯ ನಾಯಿ ನೋಡುತ್ತಿದ್ದಾಗ ನಾನು ಸುಮ್ನೆ ಕೆಳಗಿನದೊಂದನ್ನು ಟಕ್ ಅನ್ನಿಸಿಬಿಟ್ಟೆ. ಸಿಕ್ಕಿಬಿದ್ದೆ. ಬಗ್ಗಿ ನೋಡಿದಳು, ತುಟಿ ಮುಂದೆ ಬಂತು. ನಾನು ಹಾಕಿದ್ದನ್ನು ಮಾತ್ರ ಅಲ್ಲ, ತಾನು ಹಾಕಿದ್ದನ್ನೂ ಕಿತ್ತಳು. ತೋಳೂ ಬಿಚ್ಚಿದಳು. ಹೊಸ್ತಿಲ ಮೇಲೆ ಕೂತು ಮತ್ತೆ ಮೊದಲಿಂದ ಶುರು!

ಬಸ್ಸು ಹೋಯಿತು. ಆಟೋದಲ್ಲಿ ಪ್ಲೇ ಹೋಮ್‌ಗೆ ಬಿಟ್ಟು ಬಂದೆ. ಬಟನ್ ಒಂದು ಸ್ಥಾನ ಮೇಲೆ ಕೆಳಗೆ ಆಗಿತ್ತು. ಸರಿ ಮಾಡಲಿಲ್ಲ, ಮಾಡುವ ಧೈರ್ಯವೂ ಇರಲಿಲ್ಲ.

ಮನೋವಿಜ್ಞಾನಿ ಎರಿಕ್ ಎರಿಕ್ಸನ್ 1950ರಲ್ಲೇ ಬರೆದಿದ್ದಾರೆ: ಒಂದೂವರೆಯಿಂದ ಮೂರು ವರ್ಷದವರೆಗೆ ಮಗುವಿನ ದೊಡ್ಡ ಕೆಲಸವೇ ಇದು, ತನ್ನ ಕೈಲಿ ಆಗುತ್ತೆ ಅಂತ ಕಂಡುಕೊಳ್ಳುವುದು. ಅಡಿಗಡಿಗೆ ತಡೆದರೆ, ನಕ್ಕರೆ ಉಳಿಯುವುದು ನಾಚಿಕೆ, ಅನುಮಾನ. ಓದುವಾಗ ತಲೆ ಆಡಿಸಿದ್ದೆ. ಬಸ್ಸಿನ ಹೊತ್ತಿಗೆ ತಲೆ ಆಡಿಸುವುದು ಬೇರೆ ಮಾತು.

ನಮ್ಮ ಮನೆಯ ದೊಡ್ಡ ಜಗಳ ಮಾತ್ರ ಬಟನ್ನಿನದಲ್ಲ, ಊಟದ್ದು. ಅತ್ತೆಗೆ ಕೈತುತ್ತೇ ಪ್ರೀತಿ. ಅವರು ಮೂರು ಮಕ್ಕಳನ್ನು ಹತ್ತು ಜನರ ಮನೆಯಲ್ಲಿ ಸಾಕಿದವರು. ಕಲಸಿ ಬಾಯಿಗಿಟ್ಟರೆ ಬೇಗ ಮುಗಿಯುತ್ತಿತ್ತು, ಒಂದು ಅಗುಳೂ ಚೆಲ್ಲುತ್ತಿರಲಿಲ್ಲ. ಪುಟ್ಟಿ ತಾನೇ ತಿಂದರೆ ಅರ್ಧ ಸಾರನ್ನ ನೆಲಕ್ಕೆ. "ಅನ್ನ ಚೆಲ್ಲಬಾರದು ಕಣೇ" ಅನ್ನುತ್ತಾರೆ. ಅದು ತಪ್ಪು ಅಂತ ನಾನು ಹೇಗೆ ಹೇಳಲಿ? ಕೊನೆಗೆ ಒಂದು ಒಪ್ಪಂದ: ತಟ್ಟೆಗೆ ಒಂದು ಸಲಕ್ಕೆ ಎರಡೇ ಚಮಚ ಅನ್ನ, ಅದೂ ಗಟ್ಟಿಯಾಗಿ ಕಲಸಿದ್ದು. ಈಗ ಚೆಲ್ಲುವುದು ಕಮ್ಮಿ.

ನೀರಿಗೂ ಹಾಗೇ. ಮಾಂಟೆಸ್ಸರಿ ತರಬೇತಿ ಪಡೆದ ಗೆಳತಿ ಹೇಳಿದ ಉಪಾಯ: ಪುಟ್ಟ ಚೊಂಬು, ಅದರಲ್ಲಿ ಅರ್ಧ ನೀರು, ಪಕ್ಕದಲ್ಲಿ ಒರೆಸುವ ಬಟ್ಟೆ. ಮಕ್ಕಳ ಕಲಿಕೆಯ ಈ ಪದ್ಧತಿ ರೂಪಿಸಿದ ಇಟಲಿಯ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಶಿಕ್ಷಕರಿಗೆ ಪಾಠ ಹೇಳಲು ಬಂದು, ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದವರು. ನೀರು ಬಗ್ಗಿಸುವುದು, ಬಟನ್ ಹಾಕುವುದು ಅವರ ಶಾಲೆಯಲ್ಲಿ ಪಾಠವೇ. ಪುಟ್ಟಿಗೆ ಮಾತ್ರ ಬಗ್ಗಿಸುವುದಕ್ಕಿಂತ ಒರೆಸುವುದೇ ಜಾಸ್ತಿ ಇಷ್ಟ. ಒರೆಸಲಿಕ್ಕೆಂದೇ ಚೆಲ್ಲುತ್ತಾಳೆ.

"ಹಾಲು ಕುಡೀತೀಯಾ?" ಅಂದರೆ "ಬೇಡ" ಗ್ಯಾರಂಟಿ. "ಸ್ಟೀಲ್ ಲೋಟಾನೋ, ಆನೆ ಕಪ್ಪೋ?" ಅಂತ ಕೇಳಿದರೆ ಕುಡಿಯುತ್ತಿದ್ದಳು. ಮೂರು ವಾರ ನಡೆಯಿತು. ನಿನ್ನೆ ಎರಡನ್ನೂ ನೋಡಿ "ಎರಡೂ ಬೇಡ" ಅಂದಳು. ಕಳ್ಳಿ. ಹಾಲು ಬಿಟ್ಟರೆ ಬಿಡಲಿ, ಸವಳಂಗ ರಸ್ತೆ ದಾಟುವಾಗ ಕೈ ಬಿಡುವಂತಿಲ್ಲ. ಅಲ್ಲಿ ಕೇಳುವುದು ಎಡಗೈನೋ, ಬಲಗೈನೋ ಅಂತ ಅಷ್ಟೇ.

ರಾತ್ರಿ ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿ ಊಟಕ್ಕೆ ಕೂತೆವು. ಪುಟ್ಟಿ ತನ್ನ ತಟ್ಟೆ ತಳ್ಳಿ ಅಜ್ಜಿಯ ಮಡಿಲಿಗೆ ಹತ್ತಿದಳು. "ಅಜ್ಜಿ, ನೀನೇ ತಿನ್ಸು." ಅತ್ತೆ ನನ್ನ ಮುಖ ನೋಡಿದರು. "ಅವಳೇ ಕೇಳಿದಳಲ್ಲ ಅತ್ತೆ, ತಿನ್ನಿಸಿ" ಅಂದೆ. ನಾಲ್ಕು ತುತ್ತು ಗಬಗಬ ತಿಂದಳು. ಐದನೆಯದಕ್ಕೆ ಅಜ್ಜಿಯ ಕೈ ತಡೆದು "ಈಗ ನಾನೇ" ಅಂದಳು. ಕತ್ತಲಲ್ಲಿ ಎಷ್ಟು ಚೆಲ್ಲಿತೋ, ಅತ್ತೆಗೂ ಕಾಣಿಸಲಿಲ್ಲ.

ರೇನ್‌ಕೋಟ್ ಬಚ್ಚಲಲ್ಲಿ ಒಣಗಲು ಹಾಕಿದ್ದೇನೆ. ಅಲಾರಂ ಹದಿನೈದು ನಿಮಿಷ ಮುಂಚೆಗೆ ಇಟ್ಟಿದ್ದೇನೆ.