ಅಲಾಯ್ ಆಸೆ

ಪಕ್ಕದ ಮನೆ ಹುಡುಗ ತನ್ನ ಸ್ವಿಫ್ಟ್‌ಗೆ 16 ಇಂಚಿನ ಅಲಾಯ್ (ಮಿಶ್ರಲೋಹದ ರಿಮ್) ಹಾಕಿಸಿಕೊಂಡು ಬಂದಿದ್ದಾನೆ. ನೋಡೋಕೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಮೊದಲು ಇದ್ದದ್ದು 165/80 ಆರ್14, ಅಂದರೆ ಅಗಲ 165 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 80, ರಿಮ್ 14 ಇಂಚು. ಈಗಿನದು 195/55 ಆರ್16. ಸುಮ್ನೆ ಲೆಕ್ಕ ಹಾಕಿದೆ. ಎರಡೂ ಟೈರಿನ ಎತ್ತರ ತಲಾ ಸುಮಾರು 62 ಸೆಂಟಿಮೀಟರ್! ಅಂಗಡಿಯವನು ಕೆಲಸ ಗೊತ್ತಿದ್ದವನೇ. ಎತ್ತರ ಹೆಚ್ಚಾಗಿದ್ದರೆ ಸ್ಪೀಡೋಮೀಟರ್ ಇರೋದಕ್ಕಿಂತ ಕಡಿಮೆ ವೇಗ ತೋರಿಸುತ್ತಿತ್ತು, ಪಿಕಪ್ ಕೂಡ ಮಂದವಾಗುತ್ತಿತ್ತು.

ಬದಲಾಗಿದ್ದು ಟೈರಿನ ಪಕ್ಕೆ, ಅಂದರೆ ರಿಮ್‌ನಿಂದ ಟೈರಿನ ಹೊರ ಅಂಚಿನವರೆಗಿನ ರಬ್ಬರ್ ಭಾಗ. 132 ಮಿಲಿಮೀಟರ್ ಇದ್ದದ್ದು 107ಕ್ಕೆ ಇಳಿದಿದೆ. ಪಕ್ಕೆ ಗಿಡ್ಡವಾದರೆ ತಿರುವಿನಲ್ಲಿ ಟೈರ್ ಕಡಿಮೆ ಬಳುಕುತ್ತದೆ. ಸ್ಟೇರಿಂಗ್ ತಿರುಗಿಸಿದ ತಕ್ಷಣ ಕಾರು ಮಾತು ಕೇಳುತ್ತದೆ. ಅಗಲ ಜಾಸ್ತಿ ಇರೋದರಿಂದ ಒಣ ರಸ್ತೆಯಲ್ಲಿ ಹಿಡಿತವೂ ಚೆನ್ನಾಗಿರುತ್ತದೆ. ನಿಂತ ನೀರಿನಲ್ಲಿ ಮಾತ್ರ ಸಾಮಾನ್ಯವಾಗಿ ಅಗಲದ ಟೈರೇ ಬೇಗ ತೇಲುತ್ತದೆ.

ಆದರೆ ಬೆಂಗಳೂರಿನ ಗುಂಡಿ? ಅಲ್ಲಿ ಏಟು ತಡೆದುಕೊಳ್ಳೋದೇ ಆ ಗಾಳಿ ತುಂಬಿದ ಪಕ್ಕೆ. ಅದು ಗಿಡ್ಡವಾದಷ್ಟೂ ಏಟು ನೇರ ರಿಮ್‌ಗೆ, ಅಲ್ಲಿಂದ ನಮ್ಮ ಸೊಂಟಕ್ಕೆ. ಫಾರ್ಮುಲಾ 1 ಕಾರುಗಳೂ 2022ರಲ್ಲಿ 13 ಇಂಚಿನಿಂದ 18ಕ್ಕೆ ಹೋದವು, ನಿಜ. ಅವರ ದಾರಿಯಲ್ಲಿ ಜಲಮಂಡಳಿ ಅಗೆಯೋದಿಲ್ಲ, ಅಲ್ವಾ?

ಇನ್ನು ತೂಕ. ಚಕ್ರ ಭಾರವಾದರೆ ತಿರುಗಿಸೋಕೂ ನಿಲ್ಲಿಸೋಕೂ ಜಾಸ್ತಿ ಶಕ್ತಿ ಬೇಕು. ಮೈಲೇಜ್ ಕೂಡ ಸ್ವಲ್ಪ ಇಳಿಯುತ್ತದೆ. ಅಲಾಯ್ ಅಂದ ಮಾತ್ರಕ್ಕೆ ಹಗುರ ಅಂತೇನಿಲ್ಲ, ದೊಡ್ಡ ಅಲಾಯ್ ಎಷ್ಟೋ ಸಲ ಸಣ್ಣ ಸ್ಟೀಲ್ ರಿಮ್‌ಗಿಂತ ಭಾರ ಇರುತ್ತದೆ.

ನನ್ನ ಕಾರಿನ ಟೈರೂ ಸವೆದಿದೆ. ಕಂಪನಿ ಕೊಟ್ಟ ಅಳತೆಯದನ್ನೇ ಹಾಕಿಸುತ್ತೇನೆ. ಉಳಿದ ದುಡ್ಡಿಗೆ ವೀಲ್ ಅಲೈನ್‌ಮೆಂಟ್, ಮಸಾಲೆ ದೋಸೆ ಎರಡೂ ಆಗುತ್ತದೆ.