ಅವರ ಪಾಪಕ್ಕೆ ನಮ್ಮ ಪ್ರಾರ್ಥನೆ

ಪ್ರತಿ ವರ್ಷ ಆಗಸ್ಟ್ 14ರ ರಾತ್ರಿ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ದೇಶಕ್ಕಾಗಿ ಉಪವಾಸ ಪ್ರಾರ್ಥನೆ ನಡೆಯುತ್ತದೆ. ಸಂಜೆ ಏಳಕ್ಕೆ ಕೂಡಿದವರು ಹನ್ನೆರಡಕ್ಕೆ ಏಳುತ್ತೇವೆ. ಯಾವ ವಿಷಯಕ್ಕಾಗಿ ಯಾರು ಪ್ರಾರ್ಥಿಸಬೇಕೆಂದು ಮೊದಲೇ ಚೀಟಿಗಳಲ್ಲಿ ಬರೆದು ಹಂಚುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಎರಡು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದ ಚೀಟಿಯಲ್ಲಿ ‘ಲಂಚಕೋರತನ ತೊಲಗಲಿ’ ಎಂದಿತ್ತು. ನಾನು ಎದ್ದು ನಿಂತು, ಬಡವರ ಕೈಯಿಂದ ಕಿತ್ತು ತಿನ್ನುವ ಅಧಿಕಾರಿಗಳ ಮನಸ್ಸನ್ನು ಕರ್ತನು ಮುಟ್ಟಲಿ ಎಂದು ಹತ್ತು ನಿಮಿಷ ಗಟ್ಟಿ ದನಿಯಲ್ಲಿ ಪ್ರಾರ್ಥಿಸಿದೆ. ಸಭೆಯೆಲ್ಲ ಆಮೆನ್ ಎಂದಿತು.

ಅದಕ್ಕೆ ಮೂರು ವಾರಗಳ ಮೊದಲು, ತೀರಿಹೋದ ತಂದೆಯವರ ಹೆಸರಿನಲ್ಲಿದ್ದ ಮನೆಯ ಖಾತೆಯನ್ನು ನನ್ನ ಹೆಸರಿಗೆ ಮಾಡಿಸಲು ಅಲೆದು ಸಾಕಾಗಿ, ಒಂದು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯವನ ಕೈಗೆ ಮೂರು ಸಾವಿರ ರೂಪಾಯಿ ಕೊಟ್ಟಿದ್ದೆ. ಅವನು ನೋಟುಗಳನ್ನು ಅರ್ಜಿಯ ಹಾಳೆಗಳ ನಡುವೆ ಮಡಚಿಟ್ಟುಕೊಂಡು ಒಳಗೆ ಹೋದ. ಮೇಜಿನ ಮೇಲೆ ಮೊಳದುದ್ದ ಕಡತಗಳ ರಾಶಿಯಿತ್ತು. ಬಾಗಿಲ ಬಳಿ ನಿಂತು ನಾನು ನೋಡುತ್ತಿದ್ದಂತೆಯೇ, ಕೆಳಗೆಲ್ಲೋ ಇದ್ದ ನನ್ನ ಕಡತ ರಾಶಿಯ ಮೇಲಕ್ಕೆ ಬಂತು. ‘ನಾಳೆ ಬರ್ರಿ ಸರ, ಆಗಿರ್ತದ’ ಎಂದ. ಆಗಸ್ಟ್‌ನ ಆ ರಾತ್ರಿ ಪ್ರಾರ್ಥಿಸುವಾಗ ಈ ಸಂಗತಿ ನನ್ನ ನೆನಪಿಗೇ ಬರಲಿಲ್ಲ ಎಂದರೆ ನಂಬುವುದು ಕಷ್ಟವಾದೀತು, ಆದರೆ ಅದೇ ನಿಜ. ಅಧಿಕಾರಿ ತೆಗೆದುಕೊಂಡದ್ದನ್ನು ಲಂಚವೆಂದೂ ನಾನು ಕೊಟ್ಟದ್ದನ್ನು ಖರ್ಚೆಂದೂ ಮನಸ್ಸು ಬೇರೆ ಬೇರೆ ಲೆಕ್ಕದಲ್ಲಿ ಬರೆದುಕೊಂಡಿತ್ತು.

ಮನೆಗೆ ಬಂದ ಮೇಲೆ, ಬಹುಶಃ ಹಸಿವಿನಿಂದ ನಿದ್ದೆ ಬಾರದ ಕಾರಣಕ್ಕೇ, ಆ ಐದು ಗಂಟೆಗಳಲ್ಲಿ ನಾವು ಯಾರ ಯಾರ ಪಾಪಗಳನ್ನು ದೇವರ ಮುಂದೆ ಇಟ್ಟೆವು ಎಂದು ನೆನಪಿಸಿಕೊಂಡೆ. ರಾಜಕಾರಣಿಗಳು, ಅಧಿಕಾರಿಗಳು, ಕುಡುಕರು, ಮೊಬೈಲಿಗೆ ಅಂಟಿಕೊಂಡ ಹುಡುಗರು, ಸಿನಿಮಾದವರು. ಸಭೆಯಲ್ಲಿ ಕುಳಿತಿದ್ದ ನಾವು ಎಪ್ಪತ್ತು ಎಂಬತ್ತು ಮಂದಿ ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ದೇಶಕ್ಕಾಗಿ ಪ್ರಾರ್ಥಿಸುವ ಕೂಟಗಳ ಬ್ಯಾನರುಗಳ ಮೇಲೆ ಸಾಮಾನ್ಯವಾಗಿ ಒಂದೇ ವಚನ ಇರುತ್ತದೆ: ಎರಡನೆಯ ಪೂರ್ವಕಾಲವೃತ್ತಾಂತ 7:14. ಸೊಲೊಮೋನನು ದೇವಾಲಯವನ್ನು ಪ್ರತಿಷ್ಠಿಸಿದ ಬಳಿಕ ರಾತ್ರಿಯಲ್ಲಿ ದೇವರು ಅವನಿಗೆ ಕಾಣಿಸಿಕೊಂಡು ಹೇಳಿದ ಮಾತು ಅದು. ಮಳೆ ನಿಂತಾಗ, ಮಿಡತೆಗಳು ಬೆಳೆ ತಿಂದಾಗ, ಜನರಲ್ಲಿ ಜಾಡ್ಯ ಹರಡಿದಾಗ ನನ್ನ ಜನರು ತಮ್ಮನ್ನು ತಗ್ಗಿಸಿಕೊಂಡು, ಪ್ರಾರ್ಥಿಸಿ, ನನ್ನ ಮುಖವನ್ನು ಹುಡುಕಿ, ತಮ್ಮ ಕೆಟ್ಟ ನಡತೆಯನ್ನು ಬಿಟ್ಟು ತಿರುಗಿಕೊಂಡರೆ ನಾನು ಕ್ಷಮಿಸಿ ದೇಶವನ್ನು ಗುಣಪಡಿಸುವೆನು ಎಂಬುದು ಅದರ ತಾತ್ಪರ್ಯ. ಬ್ಯಾನರಿನಲ್ಲಿ ಕಡೆಯ ಭಾಗ ದಪ್ಪಕ್ಷರದಲ್ಲಿರುತ್ತದೆ. ಆದರೆ ಇಲ್ಲಿರುವ ಶರತ್ತು ಆತನ ಹೆಸರನ್ನು ಹೊತ್ತವರಿಗೆ ಹಾಕಿದ್ದು, ಊರಿನ ಉಳಿದವರಿಗಲ್ಲ. ದಾನಿಯೇಲನ ಒಂಬತ್ತನೆಯ ಅಧ್ಯಾಯವಂತೂ ಇನ್ನೂ ಖಡಾಖಂಡಿತವಾಗಿದೆ. ಬಾಬೆಲಿನಲ್ಲಿ ಸಿಂಹಗಳ ಗವಿಗೆ ಹೋದರೂ ಪ್ರಾರ್ಥನೆ ಬಿಡದವನು, ಯೆರೂಸಲೇಮು ಹಾಳಾದಾಗ ಅದಕ್ಕೆ ಕಾರಣವಾದ ಅರಸರ ತಪ್ಪುಗಳಲ್ಲಿ ಪಾಲಿಲ್ಲದವನು, ಗೋಣಿತಟ್ಟು ಕಟ್ಟಿಕೊಂಡು ಕುಳಿತು ‘ಪಾಪ ಮಾಡಿದೆವು’ ಎನ್ನುತ್ತಾನೆ. ‘ಅವರು ಮಾಡಿದರು’ ಎನ್ನುವ ಹಕ್ಕು ಬೈಬಲಿನಲ್ಲಿ ಯಾರಿಗಾದರೂ ಇದ್ದಿದ್ದರೆ ಅವನಿಗಿತ್ತು.

ನಮ್ಮ ಭಾಷೆಯ ಎರಡು ಮಾತುಗಳೂ ಇಲ್ಲಿ ನೆನಪಾಗುತ್ತವೆ. ಪಶ್ಚಾತ್ತಾಪ ಎಂದರೆ ಆಮೇಲಿನ ಬೇಗೆ; ಅದು ಮನಸ್ಸಿನೊಳಗೇ ಉರಿದು ಆರಿಹೋಗಬಹುದು. ಕನ್ನಡ ಬೈಬಲ್ ಹಲವು ಕಡೆ ಅದರ ಬದಲಿಗೆ ‘ತಿರುಗಿಕೊಳ್ಳಿರಿ’ ಎನ್ನುತ್ತದೆ, ಹೀಬ್ರೂ ಮೂಲದ ಅರ್ಥವೂ ಅದೇ. ತಿರುಗಿಕೊಳ್ಳುವುದಕ್ಕೆ ಕಾಲು ಬೇಕು.

ಒಂದು ರಾಷ್ಟ್ರದ ಸಭೆ ನಿಜವಾಗಿಯೂ ‘ನಾವು’ ಎಂದು ಬಾಯಿ ಬಿಟ್ಟ ಪ್ರಸಂಗವನ್ನು ಹುಡುಕಿಕೊಂಡು ಹೋದರೆ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ. ಬಾಸೆಲ್ ಮಿಷನ್ ಎಂಬ ಮಿಷನರಿ ಸಂಸ್ಥೆ ಕಟ್ಟಿದ ನಮ್ಮಂಥ ಸಭೆಗಳವರಿಗೆ ಅದು ಪೂರ್ತಿ ಪರಸ್ಥಳವೂ ಅಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅಲ್ಲಿನ ಬ್ರಾಕನ್‌ಹೈಮ್‌ನಲ್ಲಿ. ಮಲಯಾಳಂ ನಿಘಂಟಿನ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲಿ. ಕಿಟ್ಟೆಲರು ಕಣ್ಮುಚ್ಚಿದ್ದು ಟ್ಯೂಬಿಂಗನ್‌ನಲ್ಲಿ. ನಮಗೆ ಪಾಪದ ಅರಿಕೆ ಮಾಡುವುದನ್ನು ಕಲಿಸಿದವರಲ್ಲಿ ಅನೇಕರು ಆ ನೆಲದವರು. ಆ ನೆಲವೇ ನೂರು ವರ್ಷಗಳ ಬಳಿಕ ಹೇಗೆ ಅರಿಕೆ ಮಾಡಿತು, ಹೇಗೆ ಮಾಡದೆ ಉಳಿಯಿತು ಎಂಬುದು ನಮಗೆ ಸಂಬಂಧಿಸಿದ ವಿಷಯವೇ.

ಜರ್ಮನಿಯ ಪ್ರೊಟೆಸ್ಟೆಂಟ್ ಪಂಚಾಂಗದಲ್ಲಿ ನವೆಂಬರ್ ತಿಂಗಳ ಒಂದು ಬುಧವಾರ ‘ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನ’. ಹಿಟ್ಲರನ ಆಳ್ವಿಕೆಯ ಕಾಲದಲ್ಲಿ, 1938ರಲ್ಲಿ, ಅದು ನವೆಂಬರ್ 16ಕ್ಕೆ ಬಂದಿತ್ತು. ಸರಿಯಾಗಿ ಒಂದು ವಾರದ ಹಿಂದೆ, 9ರ ರಾತ್ರಿ, ದೇಶದುದ್ದಕ್ಕೂ ಯೆಹೂದ್ಯರ ಸಭಾಮಂದಿರಗಳನ್ನು ಸುಟ್ಟು, ಅಂಗಡಿಗಳನ್ನು ಒಡೆದು, ಸಾವಿರಾರು ಗಂಡಸರನ್ನು ಸೆರೆಶಿಬಿರಗಳಿಗೆ ಸಾಗಿಸಲಾಗಿತ್ತು. ಆ ಬುಧವಾರ ದೇಶದ ಸಾವಿರಾರು ಪೀಠಗಳಿಂದ ಪಶ್ಚಾತ್ತಾಪದ ಪ್ರಸಂಗಗಳು ನಡೆದವು, ಬಹುತೇಕ ಎಲ್ಲವೂ ಪಾಪದ ಬಗ್ಗೆ ಸಾಮಾನ್ಯವಾಗಿ ಮಾತಾಡಿ ಮುಗಿದವು. ಆದರೆ ವುರ್ಟೆಂಬರ್ಗ್‌ನ ಓಬರ್‌ಲೆನಿಂಗನ್ ಎಂಬ ಸಣ್ಣ ಊರಿನ ಸಭಾಪಾಲಕ ಯೂಲಿಯಸ್ ಫಾನ್ ಯಾನ್ ಯೆರೆಮೀಯ 22:29ನ್ನು, ಅಂದರೆ ದೇಶವನ್ನು ಮೂರು ಸಲ ಕೂಗಿ ಕರ್ತನ ವಾಕ್ಯವನ್ನು ಕೇಳು ಎನ್ನುವ ವಚನವನ್ನು ಓದಿ, ಹಿಂದಿನ ವಾರ ನಡೆದದ್ದನ್ನು ಹೆಸರಿಟ್ಟು ಹೇಳಿದರು. ಇತರರ ಆರಾಧನಾ ಮಂದಿರಗಳನ್ನು ಸುಟ್ಟದ್ದು, ಬೇರೆ ಜನಾಂಗದವರೆಂಬ ಒಂದೇ ಕಾರಣಕ್ಕೆ ಜನರನ್ನು ಎಳೆದೊಯ್ದದ್ದು ದೇವರ ಮುಂದೆ ನಮ್ಮ ಜನಾಂಗದ ಮೇಲೆ ಹೊರೆಯಾಗಿ ಕುಳಿತಿದೆ, ಬಿತ್ತಿದ್ದನ್ನು ಕೊಯ್ಯಲೇಬೇಕು ಎಂದರು. ಇದನ್ನು ಬಾಯಿಬಿಟ್ಟು ಹೇಳಿದ್ದು ದೊಡ್ಡ ಭಾರ ಇಳಿಸಿದಂತಾಯಿತು ಎಂದೂ ಪೀಠದಿಂದಲೇ ಹೇಳಿದರು. ಒಂಬತ್ತು ದಿನಗಳ ನಂತರ ಗುಂಪೊಂದು ಬಂದು ಅವರನ್ನು ಹೊಡೆದು ಎಳೆದಾಡಿತು. ಮನೆಯ ಮೇಲೆ ‘ಯೆಹೂದ್ಯರ ಆಳು’ ಎಂಬ ಫಲಕ ಹಾಕಿತು. ನ್ಯಾಯಾಲಯ 16 ತಿಂಗಳ ಸೆರೆ ವಿಧಿಸಿತು. ಅವರ ಮೇಲಿನ ಬಿಷಪ್ ಥಿಯೋಫಿಲ್ ವುರ್ಮ್, ಅದೇ ಡಿಸೆಂಬರ್‌ನಲ್ಲಿ ನ್ಯಾಯ ಮಂತ್ರಿಗೆ ಪತ್ರ ಬರೆದು ನಡೆದ ಹಿಂಸೆಯನ್ನು ಆಕ್ಷೇಪಿಸಿದರಾದರೂ, ಯೆಹೂದ್ಯರನ್ನು ಎದುರಿಸುವ ಸರ್ಕಾರದ ಹಕ್ಕನ್ನು ತಾವು ಪ್ರಶ್ನಿಸುವುದಿಲ್ಲ ಎಂದು ಸೇರಿಸಿದರು.

ವುರ್ಮ್ ಹೇಡಿಯಲ್ಲ, 1940ರಲ್ಲಿ ಅಂಗವಿಕಲರನ್ನೂ ಮನೋರೋಗಿಗಳನ್ನೂ ಸರ್ಕಾರ ಕೊಲ್ಲಿಸುತ್ತಿರುವುದನ್ನು ಪ್ರತಿಭಟಿಸಿ ಗೃಹಮಂತ್ರಿಗೆ ಪತ್ರ ಬರೆದವರು ಅವರೇ. ಅಷ್ಟು ಧೈರ್ಯವಿದ್ದವರಿಗೂ ಒಂದು ಕಡೆ ಕಣ್ಣು ಕುರುಡಾಗಿತ್ತು ಎಂಬುದೇ ನನ್ನನ್ನು ಹೆಚ್ಚು ಕಲಕುವ ಸಂಗತಿ.

ಯುದ್ಧ ಮುಗಿದು ಐದು ತಿಂಗಳಾಗಿದ್ದಾಗ, 1945ರ ಅಕ್ಟೋಬರ್ 18 ಮತ್ತು 19ರಂದು, ಬಾಂಬಿಗೆ ಹಾಳಾಗಿದ್ದ ಸ್ಟುಟ್‌ಗಾರ್ಟ್‌ನಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಯ ಮುಖಂಡರು ಇದೇ ವುರ್ಮ್ ಅವರ ನೇತೃತ್ವದಲ್ಲಿ ಸೇರಿದರು. ನಿನ್ನೆಯವರೆಗೆ ಶತ್ರುದೇಶಗಳಾಗಿದ್ದ ಹಾಲೆಂಡ್, ಫ್ರಾನ್ಸ್, ಇಂಗ್ಲೆಂಡ್, ಅಮೆರಿಕಗಳ ಸಭೆಗಳಿಂದ ಪ್ರತಿನಿಧಿಗಳು ಬಂದಿದ್ದರು. ಅವರ ಜೊತೆ ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಅಲ್ಫೋನ್ಸ್ ಕೋಕ್ಲಿನ್, ಆಗ ನಮ್ಮ ಬಾಸೆಲ್ ಮಿಷನ್ನಿನ ಅಧ್ಯಕ್ಷರು. 17ರ ಸಂಜೆಯ ಆರಾಧನೆಯಲ್ಲಿ ಸಭಾಪಾಲಕ ಮಾರ್ಟಿನ್ ನೀಮೊಲ್ಲರ್ ಯೆರೆಮೀಯನ 14ನೆಯ ಅಧ್ಯಾಯದಿಂದ ಪ್ರಸಂಗ ಮಾಡಿದರು. ನಮ್ಮ ಪಾಪಗಳೇ ನಮ್ಮ ವಿರುದ್ಧ ಸಾಕ್ಷಿ ಹೇಳಿದರೂ ನಿನ್ನ ಹೆಸರಿಗಾಗಿ ಕಾರ್ಯ ಮಾಡು ಎಂದು ಬೇಡುವ ಅಧ್ಯಾಯ ಅದು. ಈ ಜನರ ಒಳಿತಿಗಾಗಿ ಪ್ರಾರ್ಥಿಸಬೇಡ ಎಂದು ದೇವರು ಪ್ರವಾದಿಗೆ ಹೇಳುವುದೂ ಅದೇ ಅಧ್ಯಾಯದಲ್ಲಿ. ನಮ್ಮ ಆಗಸ್ಟ್ ಕೂಟಗಳಲ್ಲಿ ಅದನ್ನು ಓದಿದ್ದು ನನಗೆ ನೆನಪಿಲ್ಲ.

ಮರುದಿನದ ಕೂಟದಲ್ಲಿ ರೂಪುಗೊಂಡ ಹೇಳಿಕೆ ಒಂದು ಪುಟದ್ದು. ನಮ್ಮ ಮೂಲಕ ಅನೇಕ ಜನಾಂಗಗಳಿಗೂ ದೇಶಗಳಿಗೂ ಅಪಾರವಾದ ದುಃಖವುಂಟಾಯಿತು ಎಂಬ ವಾಕ್ಯ ಅದರಲ್ಲಿ ಸೇರಿದ್ದು ನೀಮೊಲ್ಲರ್ ಪಟ್ಟು ಹಿಡಿದದ್ದರಿಂದ. ಅವರದೇ ಒಂದು ಕಥೆಯೂ ಇದೆ. ಹಿಟ್ಲರನ ವಿರುದ್ಧ ಸಭೆಯನ್ನು ಕಟ್ಟಿ 1937ರ ಜುಲೈ 1ರಂದು ಬಂಧನಕ್ಕೊಳಗಾಗಿ ಸುಮಾರು ಎಂಟು ವರ್ಷ ಸೆರೆಮನೆ ಮತ್ತು ಶಿಬಿರಗಳಲ್ಲಿ ಕಳೆದವರು ಅವರು. ಬಿಡುಗಡೆಯ ನಂತರ ಹೆಂಡತಿಯೊಡನೆ, ತಾವು ಸೆರೆಯಲ್ಲಿದ್ದ ಡಾಖೌ ಶಿಬಿರಕ್ಕೆ ಹೋದಾಗ, ಶವ ಸುಡುತ್ತಿದ್ದ ಕಟ್ಟಡದ ಬಳಿ ಒಂದು ಫಲಕ ಕಂಡಿತು. 1933ರಿಂದ 1945ರವರೆಗೆ ಇಲ್ಲಿ ಸುಡಲ್ಪಟ್ಟವರು ಇಷ್ಟು ಮಂದಿ ಎಂದು ಅದರ ಮೇಲೆ ಬರೆದಿತ್ತು. ಅವರ ಕಣ್ಣು ನೆಟ್ಟದ್ದು ಸಂಖ್ಯೆಯ ಮೇಲಲ್ಲ, ವರ್ಷಗಳ ಮೇಲೆ. 37ರಿಂದ ಈಚೆಗೆ ನಾನು ಸೆರೆಯಲ್ಲಿದ್ದೆ ಎನ್ನಬಹುದು, 33ರಿಂದ 37ರವರೆಗೆ ಎಲ್ಲಿದ್ದೆ ಎಂದು ದೇವರು ಕೇಳಿದರೆ ತನ್ನಲ್ಲಿ ಉತ್ತರವಿಲ್ಲವೆಂದು ಅವರು ಆಮೇಲೆ ಊರೂರಿಗೆ ಹೋಗಿ ಹೇಳಿದರು. 1946ರ ಜನವರಿಯಲ್ಲಿ ಎರ್ಲಾಂಗನ್‌ನಲ್ಲಿ ಇದನ್ನೇ ಹೇಳಹೊರಟಾಗ ವಿದ್ಯಾರ್ಥಿಗಳು ನೆಲಕ್ಕೆ ಕಾಲು ಬಡಿದು ಗದ್ದಲವೆಬ್ಬಿಸಿದರು.

ಆ ಹೇಳಿಕೆಗೆ ನಾನು ಹಾರ ಹಾಕಲಾರೆ. ನಾವು ಇನ್ನಷ್ಟು ಧೈರ್ಯದಿಂದ ಸಾಕ್ಷಿ ಹೇಳಲಿಲ್ಲ, ಇನ್ನಷ್ಟು ನಿಷ್ಠೆಯಿಂದ ಪ್ರಾರ್ಥಿಸಲಿಲ್ಲ, ಇನ್ನಷ್ಟು ಹರ್ಷದಿಂದ ನಂಬಲಿಲ್ಲ, ಇನ್ನಷ್ಟು ತೀವ್ರವಾಗಿ ಪ್ರೀತಿಸಲಿಲ್ಲ ಎಂದು ಅದು ಒಪ್ಪಿಕೊಳ್ಳುತ್ತದೆ. ಈ ‘ಇನ್ನಷ್ಟು’ ಎಂಬ ಮಾತಿನ ಒಳಗೆ, ಸಾಕಷ್ಟು ಧೈರ್ಯವಂತೂ ಇತ್ತು ಎಂಬ ಸಮಾಧಾನ ಅಡಗಿ ಕುಳಿತಿದೆ. ಯೆಹೂದ್ಯರ ಹೆಸರು ಒಮ್ಮೆಯೂ ಬರುವುದಿಲ್ಲ. ಆ ಅಪರಾಧವನ್ನು ಜರ್ಮನ್ ಸಭೆ ಹೆಸರಿಸಿ ಹೇಳಲು 1950ರ ಬರ್ಲಿನ್ ಸಿನೊಡ್, ಅಂದರೆ ಸಭೆಯ ಪ್ರತಿನಿಧಿಗಳ ಮಹಾಕೂಟದ ತನಕ ಕಾಯಬೇಕಾಯಿತು. ಇಷ್ಟು ಸಾಲದ ಹೇಳಿಕೆಯೂ ಜನರಿಗೆ ಹೆಚ್ಚಾಯಿತು. ಪರದೇಶದವರ ಮುಂದೆ ಮನೆಯ ಮಾನ ಕಳೆದಿರಿ, ನಮ್ಮ ಊರುಗಳ ಮೇಲೆ ಬಾಂಬು ಸುರಿದವರು ಯಾವಾಗ ಅರಿಕೆ ಮಾಡುತ್ತಾರೆ ಎಂದು ಭಕ್ತರೇ ಸಿಟ್ಟಾದರು. ಆದರೂ ಬಂದ ಪ್ರತಿನಿಧಿಗಳು ಆ ಮಾತನ್ನು ಸ್ವೀಕರಿಸಿ, ತಮ್ಮ ಸಭೆಗಳಿಗೆ ಒಯ್ದು, ಜರ್ಮನ್ ಸಭೆಗೆ ಮತ್ತೆ ಕೈ ಚಾಚಿದರು. ಅರೆಬರೆ ಅರಿಕೆಯಿಂದಲೂ ದೇವರು ಕೆಲಸ ತೆಗೆಯಬಲ್ಲನೆಂದು ನಾನು ನಂಬುವುದು ಇಂಥದ್ದನ್ನು ನೋಡಿಯೇ.

ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇದೇ ಸಂಗತಿಯ ಇನ್ನೊಂದು ಮುಖ ಕಾಣುತ್ತದೆ. ಗುಲಾಮಗಿರಿಯನ್ನು ಉಳಿಸಿಕೊಂಡು ಬೇರೆಯಾದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ 1863ರ ಮಾರ್ಚ್ 27ನ್ನು ತನ್ನವರಿಗೆ ಉಪವಾಸ ಪ್ರಾರ್ಥನೆಯ ದಿನವೆಂದು ಗೊತ್ತುಮಾಡಿದ. ಉತ್ತರದಲ್ಲಿ ಲಿಂಕನ್ ಏಪ್ರಿಲ್ 30ನ್ನು ಹಾಗೆಯೇ ಗೊತ್ತುಮಾಡಿದರು. ಲಿಂಕನ್ನರ ಕರೆಯಲ್ಲಿ ರಾಷ್ಟ್ರದ ಅಹಂಕಾರದ ಬಗ್ಗೆ ಮನಮುಟ್ಟುವ ಮಾತುಗಳಿವೆ, ಗುಲಾಮಗಿರಿ ಎಂಬ ಪದವಿಲ್ಲ. 1865ರ ಮಾರ್ಚ್ 4ರ ಭಾಷಣದಲ್ಲಿ ಮಾತ್ರ ಅವರು ಅದನ್ನು ದಕ್ಷಿಣದವರ ಪಾಪವೆನ್ನದೆ ಇಡೀ ಅಮೆರಿಕದ ಪಾಪವೆಂದು ಹೆಸರಿಸಿ, ಯುದ್ಧದ ಶಿಕ್ಷೆ ಎರಡೂ ಕಡೆಯವರಿಗೆ ಬಂದದ್ದೆಂದರು. ಒಂದೇ ಬೈಬಲ್ ಓದಿ ಒಂದೇ ದೇವರಿಗೆ ಉಪವಾಸ ಮಾಡಿದ ಎರಡು ಸೈನ್ಯಗಳ ನಡುವೆ ಆ ಮಾತಿಗೆ ಬರಲು ಎರಡು ವರ್ಷ ಹಿಡಿಯಿತು.

ನಮ್ಮ ಪರಿಸ್ಥಿತಿ ಬೇರೆ ಎಂದು ಹೇಳುವವರಿದ್ದಾರೆ, ಅದು ಸರಿಯೂ ಹೌದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕ್ರೈಸ್ತರು ನೂರಕ್ಕೆ 2.3, ಕರ್ನಾಟಕದಲ್ಲಿ 1.87. ಇಷ್ಟು ಸಣ್ಣ ಸಭೆ ರಾಷ್ಟ್ರದ ಪರವಾಗಿ ಪಶ್ಚಾತ್ತಾಪಪಡುತ್ತೇನೆಂದು ಹೊರಟರೆ ನೆರೆಯವರಿಗೆ ಅದು ತಮ್ಮ ಮೇಲಿನ ದೂರಿನಂತೆ ಕೇಳಿಸುತ್ತದೆ. ಕೆಲವು ಕೂಟಗಳಲ್ಲಿ ನಿಜಕ್ಕೂ ಅದು ದೂರೇ ಆಗಿರುತ್ತದೆ. ಆದ್ದರಿಂದಲೇ ನಮ್ಮದನ್ನು ಮಾತ್ರ ಅರಿಕೆ ಮಾಡಿದರೆ ಸಾಕೆಂದು ನನಗನಿಸುತ್ತದೆ, ಅದಕ್ಕೇ ಒಂದು ರಾತ್ರಿ ಸಾಲದು. ಮಿಷನರಿಗಳು ಜಾತಿ ಬಿಟ್ಟು ಬರಬೇಕೆಂದು ಹಟ ಹಿಡಿದ ಸಭೆಗಳಲ್ಲಿ ಇವತ್ತಿಗೂ ಮದುವೆಯ ಮಾತುಕತೆಗೆ ಕುಳಿತಾಗ ‘ನಿಮ್ಮ ಮೂಲ ಯಾವುದು’ ಎಂದು ದನಿ ತಗ್ಗಿಸಿ ಕೇಳುತ್ತೇವೆ. ಸಭೆಯ ಚುನಾವಣೆಗಳಲ್ಲಿ ನಡೆಯುವುದನ್ನು ನೋಡಿದವರು ವಿಧಾನಸಭೆಯ ಬಗ್ಗೆ ಪ್ರಾರ್ಥಿಸಲು ಸ್ವಲ್ಪ ಹಿಂಜರಿಯಬೇಕು.

ಹೋದ ಆಗಸ್ಟ್‌ನಲ್ಲಿ ನನ್ನ ಚೀಟಿಯಲ್ಲಿ ಯುವಜನರ ವಿಷಯವಿತ್ತು. ಅದನ್ನು ಪಕ್ಕಕ್ಕಿಟ್ಟು, ಖಾತೆಯ ಸಂಗತಿಯನ್ನು ಮೊತ್ತದ ಸಹಿತ ಹೇಳಿ ಕ್ಷಮೆ ಬೇಡಿದೆ. ಆಮೆನ್ ಬರಲು ಹೊತ್ತಾಯಿತು. ಮರುದಿನ ಹಿರಿಯರೊಬ್ಬರು ಮನೆಗೆ ಬಂದು ಚಹಾ ಕುಡಿಯುತ್ತ, ‘ತಮ್ಮಾ, ದೇವರಿಗೆ ಹೇಳೋದು ಸರಿ. ಹೊರಗಿನವರೂ ಇದ್ದರಲ್ಲ, ಅವರೇನಂದಾರು?’ ಎಂದರು. ಸ್ಟುಟ್‌ಗಾರ್ಟ್‌ನ ಕತೆಯನ್ನು ಅವರಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ಅವರು ಹೋದ ಮೇಲೆ ಬೈಬಲಿನಲ್ಲಿ ಸುಂಕ ವಸೂಲಿ ಮಾಡುವ ಜಕ್ಕಾಯನ ಅಧ್ಯಾಯ ತೆಗೆದು ಓದಿದೆ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಅವನು ನಿಂತ ನಿಲುವಿನಲ್ಲೇ ಹೇಳುತ್ತಾನೆ. ಯಾರಿಂದ ಎಷ್ಟು ಕಿತ್ತಿದ್ದೆನೆಂಬುದು ಸುಂಕದವನಿಗೆ ಗೊತ್ತಿದ್ದಿರಬೇಕು. ನನ್ನ ಕಡತ ಮೇಲಕ್ಕೆ ಬಂದಾಗ ಅದರ ಕೆಳಕ್ಕೆ ಹೋದ ಕಡತ ಯಾರದೆಂದು ನನಗೆ ಗೊತ್ತಿಲ್ಲ.